ಇ-ಮೇಲಿನಲ್ಲಿ ಬಂದ ಹಾಳೆ, ರೈತ ಕಂಪನಿಯ ಖಾತೆ



ನಿಮ್ಮಲ್ಲಿ ಬಹಳ ಮಂದಿ ಈಗ ಯಾವುದಾದರೊಂದು ರೈತ ಉತ್ಪಾದಕ ಕಂಪನಿಯ ಷೇರುದಾರರಾಗಿರುತ್ತೀರಿ. ಕೆಲವರು ನಿರ್ದೇಶಕರೂ ಆಗಿರಬಹುದು. ಕಂಪನಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಇಂಥ ಕಂಪನಿಗಳಿಗೆ ದಾರಿಯಾಯಿತು. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿದ ಮೇಲೆ ನಮ್ಮ ತಾಲ್ಲೂಕುಗಳಲ್ಲಿಯೂ ಇವು ಹೆಚ್ಚಾಗಿ ಕಾಣತೊಡಗಿದವು. ಆ ಯೋಜನೆಯಂತೆ ಬಯಲು ಪ್ರದೇಶದಲ್ಲಿ ಒಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು. ಮುನ್ನೂರು ಮನೆಗಳ ಮಾಲು, ತೂಕ, ದರ, ಬಟವಾಡೆ, ಷೇರು ಹಣ ಎಂದರೆ ಸಣ್ಣ ಲೆಕ್ಕವೇನೂ ಅಲ್ಲ. ಬೀಜ ಗೊಬ್ಬರದ ಬಗ್ಗೆ, ಮಾರುಕಟ್ಟೆಯ ಬಗ್ಗೆ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಾವು, ಈ ಲೆಕ್ಕ ಹಳ್ಳಿಯಿಂದ ಕಚೇರಿಗೆ ಯಾವ ದಾರಿಯಲ್ಲಿ ಬಂದು ಸೇರುತ್ತದೆ ಎಂಬುದನ್ನು ಕೇಳುವುದೇ ಇಲ್ಲ. ಅದನ್ನು ಕೇಳಬೇಕೆಂಬುದೇ ಈ ಲೇಖನದ ವಾದ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹಳ್ಳಿಯ ಸಂಗ್ರಹಣಾ ಕೇಂದ್ರದಲ್ಲಿ ಮಾಲು ತೂಗಿ ರೈತನಿಗೆ ರಸೀದಿ ಕೊಡುತ್ತಾರೆ. ಸಂಜೆ ಅಲ್ಲಿನ ಸಿಬ್ಬಂದಿ ಆ ರಸೀದಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಬೆರಳಚ್ಚು ಮಾಡಿ ಇ-ಮೇಲ್ ಮೂಲಕ ಕಚೇರಿಗೆ ಕಳುಹಿಸುತ್ತಾರೆ. ಕಚೇರಿಯಲ್ಲಿ ಕುಳಿತವರು ಎಂಟು ಹತ್ತು ಹಳ್ಳಿಗಳಿಂದ ಬಂದ ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸುತ್ತಾ ‘ದೊಡ್ಡ ಹಾಳೆ’ಯೊಂದನ್ನು ಬೆಳೆಸುತ್ತಾರೆ. ಸುಗ್ಗಿಯ ಕೊನೆಗೆ ಹಣ ಬಟವಾಡೆಯಾಗುವುದು ಈ ದೊಡ್ಡ ಹಾಳೆಯ ಆಧಾರದ ಮೇಲೆ. ಷೇರುದಾರರಿಗೆ ಪ್ರೋತ್ಸಾಹಧನ ಹಂಚುವುದೂ ಇದನ್ನು ನೋಡಿಯೇ. ಹೀಗೆ ಅಂಟಿಸುವ ಕೆಲಸವೇ ನಮ್ಮ ಕಂಪನಿಗಳ ಲೆಕ್ಕದಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಎಂಬುದು ನನ್ನ ಅಭಿಪ್ರಾಯ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ಕಂಪನಿಯ ಕಚೇರಿಗೆ ವಯಸ್ಸಾದ ರೈತರೊಬ್ಬರು ಬಂದಿದ್ದರು. 6 ಕ್ವಿಂಟಾಲ್ ರಾಗಿ ತೂಗಿಸಿದ ರಸೀದಿ ಅವರ ಜೇಬಿನಲ್ಲಿತ್ತು. ದೊಡ್ಡ ಹಾಳೆಯಲ್ಲಿ ಅವರ ಹೆಸರೇ ಇರಲಿಲ್ಲ. ‘ಯಜಮಾನರೇ, ಕಂಪ್ಯೂಟರಿನಲ್ಲಿ ಇಲ್ಲವಲ್ಲ’ ಎಂದು ಹುಡುಗ ಹೇಳಿದ. ‘ನಾನು ಇದ್ದೀನಲ್ಲಪ್ಪ’ ಎಂದು ಅವರು ಅಂದರು. ಎರಡು ಸಂಜೆ ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಆ ಹಳ್ಳಿಯಿಂದ ಒಂದೇ ದಿನದ ಹಾಳೆ ಎರಡು ಬಾರಿ ಬಂದಿತ್ತು. ಮೊದಲನೆಯದರಲ್ಲಿ ಎರಡು ರಸೀದಿ ಬಿಟ್ಟುಹೋಗಿದ್ದವು. ರಾತ್ರಿ ತಿದ್ದಿ ಮತ್ತೆ ಕಳುಹಿಸಿದ್ದರು. ಎರಡು ಕಡತಗಳ ಹೆಸರೂ ಒಂದೇ ಆಗಿತ್ತು, ಕಚೇರಿಯವರು ಅಂಟಿಸಿದ್ದು ಮೊದಲನೆಯದನ್ನು. 2024-25ರ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 4,290 ರೂಪಾಯಿಯಂತೆ ಹಿಡಿದರೂ 6 ಕ್ವಿಂಟಾಲಿಗೆ 25,740 ರೂಪಾಯಿ. ಅವರು ರಸೀದಿಯನ್ನು ಜೋಪಾನ ಮಾಡಿದ್ದರಿಂದ ಹಣ ಸಿಕ್ಕಿತು. ಬಿಟ್ಟುಹೋಗಿದ್ದ ಎರಡನೆಯ ರಸೀದಿಯವರು ಅಲ್ಲಿಯವರೆಗೂ ಕೇಳಲು ಬಂದೇ ಇರಲಿಲ್ಲ.

ಇಲ್ಲಿ ಮೋಸ ಮಾಡಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ತಪ್ಪಿದ್ದುದು ಪದ್ಧತಿಯಲ್ಲಿ.

ಹಿಂದಿನವರ ಲೆಕ್ಕದಲ್ಲಿ ಕಿರ್ದಿ ಬೇರೆ, ಖಾತೆ ಬೇರೆ ಇರುತ್ತಿತ್ತು. ಆಯಾ ದಿನದ ವ್ಯವಹಾರವನ್ನು ಬಂದ ಹಾಗೆ ಬರೆಯುವುದು ಕಿರ್ದಿ. ಅದನ್ನು ಪರಿಶೀಲಿಸಿ ಆಯಾ ಆಸಾಮಿಯ ಹೆಸರಿಗೆ ಏರಿಸುವುದು ಖಾತೆ. ಕಿರ್ದಿಯನ್ನೇ ಯಾರೂ ಖಾತೆ ಎಂದು ತಿಳಿಯುತ್ತಿರಲಿಲ್ಲ. ಹಳ್ಳಿಯಿಂದ ಬರುವ ಎಕ್ಸೆಲ್ ಹಾಳೆ ಎಂದರೆ ಕಿರ್ದಿ. ಖಾತೆಯ ಕೆಲಸ ಮಾಡಬೇಕಾದುದು ಕಚೇರಿಯ ಕಂಪ್ಯೂಟರಿನಲ್ಲಿರುವ ಡೇಟಾಬೇಸ್. ನಾವು ಮಾಡುತ್ತಿರುವುದೇನೆಂದರೆ ಕಿರ್ದಿಯ ಹಾಳೆಗಳನ್ನು ಹೊಲಿದು ಅದನ್ನೇ ಖಾತೆ ಎಂದು ಕರೆಯುತ್ತಿದ್ದೇವೆ.

ಡೇಟಾಬೇಸ್ ಎಂದರೆ ಒಂದಕ್ಕೊಂದು ಹೊಂದಿಸಿದ ಹಲವು ಕೋಷ್ಟಕಗಳು. ಸದಸ್ಯರದು ಒಂದು, ಜಮೀನಿನದು ಒಂದು, ಖರೀದಿಯದು ಒಂದು. ಮೂರನ್ನೂ ಕಟ್ಟುವ ದಾರ ಸದಸ್ಯ ಸಂಖ್ಯೆ. ಸದಸ್ಯರ ಹೆಸರು, ತಂದೆಯ ಹೆಸರು, ಬ್ಯಾಂಕ್ ಖಾತೆಗಳನ್ನು ಒಂದೇ ಕಡೆ, ಒಂದೇ ಸಲ ಬರೆದಿರುತ್ತದೆ. ಖರೀದಿಯ ಕೋಷ್ಟಕದಲ್ಲಿ ಸಂಖ್ಯೆ ಮಾತ್ರ ಇರುತ್ತದೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಬರೆದ ಪ್ರಬಂಧದಿಂದ ಈ ಕ್ರಮ ಬಳಕೆಗೆ ಬಂದಿತು. ಮೈಕ್ರೋಸಾಫ್ಟಿನ ಆಕ್ಸೆಸ್ ಇದೇ ಕ್ರಮದಲ್ಲಿ ನಡೆಯುತ್ತದೆ. ಕಾಸು ಕೊಡದೆ ಸಿಗುವ ಲಿಬ್ರೆ ಆಫೀಸಿನ ಬೇಸ್ ಕೂಡ ಇದೇ ಕ್ರಮದ್ದು. ಮುನ್ನೂರು ನಾನೂರು ಸದಸ್ಯರ ಕಂಪನಿಗೆ ಅದು ಸಾಕು. ದುಬಾರಿ ತಂತ್ರಾಂಶ ಮಾರಲು ಬರುವವರ ಮಾತಿಗೆ ಆತುರದಿಂದ ಸಹಿ ಹಾಕಬೇಡಿ.

ಡೇಟಾಬೇಸಿಗೂ ಹಾಳೆಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಡೇಟಾಬೇಸ್ ‘ಬೇಡ’ ಎನ್ನಬಲ್ಲದು. ಹಾಳೆಯಲ್ಲಿ ಯಾವ ಚೌಕದಲ್ಲಿ ಏನು ಬರೆದರೂ ಅದು ಸುಮ್ಮನೆ ಇಟ್ಟುಕೊಳ್ಳುತ್ತದೆ, ಕೆಲವು ಸಲ ತಾನೇ ತಿದ್ದುತ್ತದೆ! ಈ ತಿದ್ದುಪಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ರೈತರ ದಾಖಲೆಗಳಿಗೆ ಇದರಿಂದ ಹಾನಿಯಾಗುತ್ತದೆ.

ನಿಮ್ಮ ಜಮೀನಿನ ಸರ್ವೆ ನಂಬರು 12/3 ಎಂದಿಟ್ಟುಕೊಳ್ಳಿ. ಅದನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಹೊಡೆದರೆ ಕಂಪ್ಯೂಟರು ಅದನ್ನು ತಾರೀಖೆಂದು ತಿಳಿಯುತ್ತದೆ. ನಮ್ಮ ದೇಶದ ಪದ್ಧತಿಗೆ ಹೊಂದಿಸಿದ ಯಂತ್ರವಾದರೆ ಮಾರ್ಚ್ 12, ಅಮೆರಿಕದ ಪದ್ಧತಿಯದಾದರೆ ಡಿಸೆಂಬರ್ 3. ಒಳಗೆ ಅದು ಇಟ್ಟುಕೊಳ್ಳುವುದು 1900ನೇ ಇಸವಿಯಿಂದ ಎಣಿಸಿದ ದಿನಗಳ ಸಂಖ್ಯೆಯನ್ನು. 2024ರಲ್ಲಿ ನಮ್ಮ ಪದ್ಧತಿಯ ಯಂತ್ರದಲ್ಲಿ ಹೊಡೆದಿದ್ದರೆ ನಿಮ್ಮ 12/3 ಈಗ 45363 ಆಗಿ ಕುಳಿತಿರುತ್ತದೆ. ಪಕ್ಕದ ಹೊಲದ 112/3 ಮಾತ್ರ ಬದಲಾಗದೆ ಉಳಿಯುತ್ತದೆ, ಏಕೆಂದರೆ 112ನೇ ತಾರೀಖು ಎಂಬುದಿಲ್ಲ. ಹೀಗೆ ಒಂದೇ ಕಾಲಮಿನಲ್ಲಿ ಕೆಲವು ಸರಿ, ಕೆಲವು ತಪ್ಪು ಇರುವುದರಿಂದ ಮೇಲಿಂದ ಮೇಲೆ ನೋಡುವವರಿಗೆ ತಿಳಿಯುವುದಿಲ್ಲ. ಇಂಥ ಹಾಳೆಯನ್ನು ಆಕ್ಸೆಸಿಗೆ ಏರಿಸುವಾಗ ಇನ್ನೊಂದು ತೊಡಕು ಸೇರುತ್ತದೆ. ಅದು ಮೊದಲ ಎಂಟು ಸಾಲುಗಳನ್ನು ನೋಡಿ ಈ ಕಾಲಂ ಅಂಕಿಯದೋ, ತಾರೀಖಿನದೋ, ಅಕ್ಷರದ್ದೋ ಎಂದು ಅಂದಾಜು ಮಾಡುತ್ತದೆ. ಎಂಟೂ ತಾರೀಖಾಗಿ ಕಂಡರೆ ಕೆಳಗೆ ಬರುವ 12/3ಎ ಎಂಬಂಥ ನಂಬರುಗಳು ಖಾಲಿಯಾಗಿ ಹೋಗುವ ಸಂಭವವಿದೆ. ಏರದ ಸಾಲುಗಳ ಪಟ್ಟಿಯನ್ನು ಅದು ಬೇರೆ ಕೋಷ್ಟಕದಲ್ಲಿ ಬರೆದಿಡುತ್ತದೆ ನಿಜ. ಆದರೆ ಆ ಕೋಷ್ಟಕವನ್ನು ತೆರೆದು ನೋಡುವ ಅಭ್ಯಾಸ ಎಷ್ಟು ಕಚೇರಿಗಳಲ್ಲಿದೆ?

ವಿಸ್ತೀರ್ಣದ ಮಾತು ಇನ್ನೂ ಸೂಕ್ಷ್ಮ. ಎಕರೆಗೆ 40 ಗುಂಟೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಹಣಿಯಲ್ಲಿ 2 ಎಕರೆ 20 ಗುಂಟೆ ಇರುವುದನ್ನು 2.20 ಎಂದೂ, 1 ಎಕರೆ 25 ಗುಂಟೆಯನ್ನು 1.25 ಎಂದೂ ಬರೆದು ಕೂಡಿಸಿದರೆ ಹಾಳೆ 3.45 ಎನ್ನುತ್ತದೆ. ಸರಿಯಾದ ಮೊತ್ತ 4 ಎಕರೆ 5 ಗುಂಟೆ. ಆ 3.45 ಅನ್ನು ದಶಮಾಂಶವೆಂದೇ ಓದಿದರೆ 3 ಎಕರೆ 18 ಗುಂಟೆಯಾಗುತ್ತದೆ. 27 ಗುಂಟೆ ಮಾಯ! ಎಕರೆಗೆ ಇಷ್ಟು ಬೀಜ, ಇಷ್ಟು ಗೊಬ್ಬರ ಎಂದು ಹಂಚುವಾಗ ಈ ಕೊರತೆ ಒಬ್ಬ ರೈತನ ಪಾಲಿಗೆ ಬೀಳುತ್ತದೆ. 1.5 ಎಂದು ಬರೆದರಂತೂ ಅದು 1 ಎಕರೆ 5 ಗುಂಟೆಯೋ ಒಂದೂವರೆ ಎಕರೆಯೋ ಎಂದು ಬರೆದವರನ್ನೇ ಕೇಳಬೇಕು. ಆದುದರಿಂದ ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಇರಬೇಕು. ಡೇಟಾಬೇಸಿನಲ್ಲಿ ಗುಂಟೆಯ ಕಾಲಮಿಗೆ ‘0ಯಿಂದ 39ರವರೆಗೆ ಮಾತ್ರ’ ಎಂಬ ನಿಯಮ ಹಾಕಿದರೆ 45 ಎಂದು ಬರೆದ ಸಾಲು ಒಳಗೇ ಬರುವುದಿಲ್ಲ. ಆಣೆಯ ಲೆಕ್ಕ ಬೇಕಾದವರು ಮೂರನೆಯ ಕಾಲಂ ಇಟ್ಟುಕೊಳ್ಳಿ.

ಬ್ಯಾಂಕ್ ಖಾತೆಯ ಸಂಖ್ಯೆಗೂ ಇದೇ ಗತಿ. ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಎಕ್ಸೆಲ್ ಅಂಕಿಯಲ್ಲಿ 15 ಸ್ಥಾನಗಳನ್ನು ಮಾತ್ರ ಉಳಿಸಿಕೊಳ್ಳುವುದರಿಂದ 16 ಸ್ಥಾನದ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಇದಕ್ಕೆ ಮದ್ದು ಸುಲಭ: ಸರ್ವೆ ನಂಬರು, ಖಾತೆ ಸಂಖ್ಯೆ, ಫೋನ್ ನಂಬರುಗಳ ಕಾಲಮುಗಳನ್ನು ಬರೆಯುವುದಕ್ಕೆ ಮುಂಚೆಯೇ ‘ಟೆಕ್ಸ್ಟ್’ ಎಂದು ಗುರುತು ಮಾಡಿಡಬೇಕು. ಬರೆದು ಕೆಟ್ಟ ಮೇಲೆ ಗುರುತು ಮಾಡಿದರೆ ಪ್ರಯೋಜನವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆಯ ಮಾತು. ಹಳೆಯ ನುಡಿ ಅಕ್ಷರಗಳಲ್ಲಿ ಹೊಡೆದ ಹೆಸರು ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡವಾಗಿ ಕಂಡರೂ ಡೇಟಾಬೇಸಿಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯುನಿಕೋಡ್ ಕನ್ನಡದಲ್ಲಿಯೇ ಹೊಡೆಯಬೇಕು. ಹಾಳೆಯನ್ನು ಸಿಎಸ್‌ವಿ ಕಡತವಾಗಿ ಉಳಿಸುವಾಗ ಯುಟಿಎಫ್-8 ಎಂದಿರುವುದನ್ನೇ ಆರಿಸಬೇಕು. ಇಲ್ಲವಾದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ.

ಇಂಥ ತಪ್ಪುಗಳು ಓದಿಲ್ಲದವರ ಊರಿನಲ್ಲಿ ಮಾತ್ರ ಆಗುತ್ತವೆ ಎಂದು ಸಂಕೋಚಪಡಬೇಕಾಗಿಲ್ಲ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಪ್ರಯೋಗಶಾಲೆಗಳಿಂದ ಬಂದ ಕೋವಿಡ್ ಕಡತಗಳನ್ನು ಎಕ್ಸೆಲಿನ ಹಳೆಯ ಮಾದರಿಯ ಹಾಳೆಗೆ ಏರಿಸುತ್ತಿದ್ದರು. ಆ ಹಾಳೆ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದು. ಹೆಚ್ಚಾದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರ ಹೆಸರು ಲೆಕ್ಕಕ್ಕೆ ಬರಲಿಲ್ಲ, ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವುದೂ ಅಷ್ಟು ದಿನ ತಡವಾಯಿತು. ನಮ್ಮ ಹಾಳೆಗಳು ಅಷ್ಟು ಉದ್ದ ಬೆಳೆಯುವುದಿಲ್ಲ. ಆದರೆ ಎಷ್ಟು ಸಾಲು ಹೊರಟವು, ಎಷ್ಟು ಸಾಲು ಒಳಗೆ ಬಂದವು ಎಂದು ಎಣಿಸಿ ನೋಡದಿರುವ ತಪ್ಪು ನಮ್ಮದೂ ಹೌದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಎಲ್ಲ ಕೇಂದ್ರಗಳಿಗೂ ಒಂದೇ ನಮೂನೆಯ ಹಾಳೆಯನ್ನು ಕಚೇರಿಯೇ ಮಾಡಿ ಕೊಡಲಿ. ಒಂದು ತೂಕಕ್ಕೆ ಒಂದು ಸಾಲು. ರಸೀದಿ ಸಂಖ್ಯೆ, ಸದಸ್ಯ ಸಂಖ್ಯೆ, ತಾರೀಖು, ಬೆಳೆ, ಮೂಟೆ, ಕಿಲೋ ತೂಕ, ದರ. ಅಂದ ಕಾಣಲೆಂದು ಚೌಕಗಳನ್ನು ಕೂಡಿಸುವುದು, ನಡುವೆ ಸಾಲು ಬಿಡುವುದು, ಬಣ್ಣ ಬಳಿಯುವುದು ಬೇಡ. ಕೊನೆಯಲ್ಲಿ ‘ಒಟ್ಟು’ ಎಂಬ ಸಾಲು ಬೇಡವೇ ಬೇಡ. ಅದೂ ಒಬ್ಬ ಸದಸ್ಯನ ತೂಕವೆಂಬಂತೆ ಒಳಗೆ ಬಂದು ಆ ದಿನದ ಖರೀದಿಯನ್ನು ಇಮ್ಮಡಿ ಮಾಡಿ ತೋರಿಸುತ್ತದೆ.

ಆ ಒಟ್ಟನ್ನು ಬರೆಯಬೇಕಾದ ಜಾಗ ಇ-ಮೇಲ್ ಪತ್ರ. ‘ಈ ದಿನ 63 ರಸೀದಿ, ಒಟ್ಟು ತೂಕ 4,812 ಕಿಲೋ’ ಎಂದು ಒಂದು ಸಾಲು ಬರೆದು ಹಾಳೆಯನ್ನು ಲಗತ್ತಿಸಲಿ. ಕಚೇರಿಯಲ್ಲಿ ಹಾಳೆಯನ್ನು ನೇರವಾಗಿ ಖರೀದಿ ಕೋಷ್ಟಕಕ್ಕೆ ಏರಿಸದೆ ಮೊದಲು ಒಂದು ತಪಾಸಣಾ ಕೋಷ್ಟಕಕ್ಕೆ ತರಬೇಕು. ಕಾಳನ್ನು ಕಣದಲ್ಲಿ ತೂರಿ, ಕೇರಿ ಆಮೇಲೆ ಹಗೇವಿಗೆ ಹಾಕುವುದಿಲ್ಲವೇ, ಹಾಗೆ. ಅಲ್ಲಿ ಸಾಲುಗಳ ಸಂಖ್ಯೆ 63 ಇದೆಯೇ, ತೂಕದ ಮೊತ್ತ 4,812 ಬರುತ್ತದೆಯೇ ನೋಡಬೇಕು. ಸದಸ್ಯರ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆ ಯಾವುದಾದರೂ ಬಂದಿದೆಯೇ ಎಂದು ತಾಳೆ ನೋಡಬೇಕು. ಆಕ್ಸೆಸಿನಲ್ಲಿ ಇದಕ್ಕೆಂದೇ ಸಿದ್ಧ ವಿಧಾನವಿದೆ. ತಾಳೆಯಾದರೆ ಮಾತ್ರ ಖರೀದಿ ಕೋಷ್ಟಕಕ್ಕೆ ಸೇರಿಸುವುದು. ತಾಳೆಯಾಗದ ಸಾಲನ್ನು ಕಚೇರಿಯವರು ಅಂದಾಜಿನಿಂದ ತಿದ್ದಕೂಡದು, ಕಳುಹಿಸಿದವರಿಗೇ ಹಿಂದಿರುಗಿಸಬೇಕು. ತೂಗಿದವನೇ ತಿದ್ದಲಿ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಒಳ್ಳೆಯ ಮನಸ್ಸಿನಿಂದ ಮಾಡಿದ ತಿದ್ದುಪಡಿಗಳು ಆಮೇಲೆ ಜಗಳಕ್ಕೆ ಕಾರಣವಾದುದನ್ನು ಕಂಡಿದ್ದೇನೆ.

ಕೇಂದ್ರದ ಸಂಕೇತ ಮತ್ತು ರಸೀದಿ ಸಂಖ್ಯೆ ಎರಡನ್ನೂ ಸೇರಿಸಿ ‘ಇದು ಎರಡನೆಯ ಬಾರಿ ಬರಕೂಡದು’ ಎಂಬ ಕಟ್ಟು ಹಾಕಿದರೆ, ಒಂದೇ ಹಾಳೆ ಎರಡು ಸಲ ಬಂದರೂ ಭಯವಿಲ್ಲ. ಹಳೆಯ ಸಾಲುಗಳನ್ನು ಡೇಟಾಬೇಸ್ ತಡೆಯುತ್ತದೆ, ಬಿಟ್ಟುಹೋಗಿದ್ದ ಸಾಲುಗಳು ಮಾತ್ರ ಸೇರುತ್ತವೆ. ನಾನು ಮೊದಲು ಹೇಳಿದ ಯಜಮಾನರ 6 ಕ್ವಿಂಟಾಲ್ ಹೀಗೆ ಮಾಡಿದ್ದರೆ ಅದೇ ರಾತ್ರಿ ಒಳಗೆ ಬರುತ್ತಿತ್ತು.

ಹೆಸರನ್ನು ನಂಬಿ ತಾಳೆ ನೋಡುವ ಪದ್ಧತಿಯನ್ನು ಬಿಡಬೇಕು. ಒಂದೇ ಊರಿನಲ್ಲಿ ಮೂವರು ರಾಮಕೃಷ್ಣಪ್ಪನವರು ಇರುತ್ತಾರೆ. ಒಬ್ಬರೇ ರಾಮಕೃಷ್ಣಪ್ಪನವರ ಹೆಸರನ್ನು ಮೂರು ಬಗೆಯಾಗಿ ಬರೆದಿರುವುದೂ ಉಂಟು. ಷೇರು ಪುಸ್ತಕದ ಸಂಖ್ಯೆಯನ್ನೇ ಸದಸ್ಯ ಸಂಖ್ಯೆಯಾಗಿ ಇಟ್ಟುಕೊಳ್ಳಿ. ಸರ್ಕಾರದ ಫ್ರೂಟ್ಸ್ ಗುರುತಿನ ಸಂಖ್ಯೆಯನ್ನು ಪಕ್ಕದಲ್ಲಿ ಬರೆದಿಟ್ಟರೆ ಮುಂದೆ ಅನುಕೂಲವಾಗುತ್ತದೆ.

ಇ-ಮೇಲಿನಿಂದ ನೇರವಾಗಿ ಡೇಟಾಬೇಸಿಗೆ ಹರಿಯುವ ವ್ಯವಸ್ಥೆ ಇಲ್ಲವೇ ಎಂದು ತಿಳಿದವರು ಕೇಳಬಹುದು. ಇತ್ತು. 2007ರ ಆಕ್ಸೆಸಿನಲ್ಲಿ ಇ-ಮೇಲ್ ಮೂಲಕ ನಮೂನೆ ಕಳುಹಿಸಿ, ಬಂದ ಉತ್ತರಗಳನ್ನು ಔಟ್‌ಲುಕ್‌ನಿಂದ ತಾನಾಗಿಯೇ ಕೋಷ್ಟಕಕ್ಕೆ ತುಂಬಿಕೊಳ್ಳುವ ಸೌಲಭ್ಯವಿತ್ತು. 2013ರ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಅದನ್ನೇ ನೆಚ್ಚಿ ಕೆಲಸ ಕಟ್ಟಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ಹೀಗಾಗಿ ನಮ್ಮ ಪದ್ಧತಿ ಯಾವುದೋ ಒಂದು ತಂತ್ರಾಂಶದ ವಿಶೇಷ ಗುಣದ ಮೇಲೆ ನಿಲ್ಲಬಾರದು. ಸರಳ ಹಾಳೆ, ಸರಳ ತಪಾಸಣೆ, ಬೇಕಾದಾಗ ಎಲ್ಲವನ್ನೂ ಸಿಎಸ್‌ವಿ ಕಡತವಾಗಿ ಹೊರತೆಗೆಯುವ ಅನುಕೂಲ ಇದ್ದರೆ ನಾಳೆ ತಂತ್ರಾಂಶ ಬದಲಾದರೂ ಲೆಕ್ಕ ಉಳಿಯುತ್ತದೆ. ಪ್ರತಿದಿನ ಸಂಜೆ ಡೇಟಾಬೇಸಿನ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದು ಬೇರೆ ಮನೆಯಲ್ಲಿಡುವುದು ಹೇಳಬೇಕಾದ ಮಾತೇ ಅಲ್ಲ, ಆದರೂ ಹೇಳಿದ್ದೇನೆ.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಗಳನ್ನು ದಿನನಿತ್ಯದ ಹಾಳೆಯಲ್ಲಿ ಹಾಕಿ ಇ-ಮೇಲಿನಲ್ಲಿ, ವಾಟ್ಸಾಪಿನಲ್ಲಿ ಓಡಾಡಿಸುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಕಳುಹಿಸಿದ ಹಾಳೆ ಎಷ್ಟು ಪೆಟ್ಟಿಗೆಗಳಲ್ಲಿ, ಎಷ್ಟು ಫೋನುಗಳಲ್ಲಿ ಉಳಿದಿರುತ್ತದೆಯೋ ಬಲ್ಲವರಾರು? 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯನ್ನೇ ಮಾಡಿದೆ. ಆ ಅಂಕಿಗಳು ಕಚೇರಿಯ ಸದಸ್ಯರ ಕೋಷ್ಟಕದಲ್ಲಿ ಒಂದೇ ಕಡೆ ಇರಲಿ. ಹಳ್ಳಿಯ ಹಾಳೆಗೆ ಸದಸ್ಯ ಸಂಖ್ಯೆ ಸಾಕು.

‘ಇಷ್ಟೆಲ್ಲ ಏಕೆ, ನಮ್ಮ ಹುಡುಗ ಹಾಳೆಯಲ್ಲೇ ಚೆನ್ನಾಗಿ ನಡೆಸುತ್ತಿದ್ದಾನೆ’ ಎನ್ನುವ ನಿರ್ದೇಶಕರಿದ್ದಾರೆ. ಒಂದೇ ಊರು, ನಲವತ್ತು ಸದಸ್ಯರು, ವರ್ಷಕ್ಕೆ ಒಂದು ಬೆಳೆಯ ವ್ಯಾಪಾರ ಎಂದಾದರೆ ಅವರ ಮಾತು ಸರಿ. ಅಂಥ ಸಂಘಕ್ಕೆ ಡೇಟಾಬೇಸ್ ಬೇಕಿಲ್ಲ, ಹಾಳೆಯೇ ಹಗುರ. ಊರುಗಳು ಹೆಚ್ಚಿ, ಬರೆಯುವ ಕೈಗಳು ನಾಲ್ಕಾರು ಆದಾಗ ಮಾತ್ರ ಈ ಶ್ರಮ ಬೇಕು. ಆದರೆ ಆ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ದೊಡ್ಡ ಹಾಳೆಯ ಗುಟ್ಟು ಯಾರಿಗೆ ಗೊತ್ತು ಎಂಬ ಪ್ರಶ್ನೆಯನ್ನು ಚಿಕ್ಕ ಸಂಘದವರೂ ಕೇಳಿಕೊಳ್ಳಲಿ.

ಇನ್ನೊಂದು ಆಕ್ಷೇಪಣೆ ಹಳ್ಳಿಯ ಸಿಬ್ಬಂದಿಯಿಂದ ಬರುತ್ತದೆ. ಮೂಟೆಗಳ ನಡುವೆ ನಿಂತು ದಿನವಿಡೀ ತೂಗಿ ಸುಸ್ತಾದವರ ಹಾಳೆಯನ್ನು ಒಂದು ಸಾಲಿಗಾಗಿ ಹಿಂದಿರುಗಿಸಿದರೆ ಬೇಸರವಾಗುವುದು ಸಹಜ. ಅವರ ಕಷ್ಟ ನಿಜವಾದುದು. ಇದಕ್ಕೆ ಉಪಾಯವೆಂದರೆ ನಮೂನೆಯ ಹಾಳೆಯಲ್ಲಿಯೇ ಬೆಳೆಯ ಹೆಸರು, ಊರಿನ ಹೆಸರುಗಳನ್ನು ಆರಿಸುವ ಪಟ್ಟಿಯಾಗಿ ಕೊಟ್ಟು ಬೆರಳಚ್ಚಿನ ಕೆಲಸ ಕಡಿಮೆ ಮಾಡುವುದು. ಅವರಿಗೆ ಅರ್ಧ ದಿನ ಕೂರಿಸಿ ಹೇಳಿಕೊಡಬೇಕು, ಆ ದಿನದ ಸಂಬಳವನ್ನೂ ಕೊಡಬೇಕು.

ಸದಸ್ಯರಾದ ನೀವು ಕೇಳಬೇಕಾದುದು ಒಂದೇ. ನಿಮ್ಮ ತೂಕ ಕಚೇರಿಯ ಖಾತೆಗೆ ಏರಿದ ಮೇಲೆ, ಏರಿದ ಅಂಕಿಯನ್ನೇ ಚೀಟಿಯಾಗಿಯೋ ಫೋನಿನ ಸಂದೇಶವಾಗಿಯೋ ನಿಮಗೆ ಹಿಂದಕ್ಕೆ ಕಳುಹಿಸುವಂತೆ ಒತ್ತಾಯಿಸಿ. ಕೇಂದ್ರದಲ್ಲಿ ಕೊಟ್ಟ ರಸೀದಿ ತೂಗಿದ್ದಕ್ಕೆ ಸಾಕ್ಷಿ. ಈ ಚೀಟಿ ಲೆಕ್ಕಕ್ಕೆ ಸೇರಿದ್ದಕ್ಕೆ ಸಾಕ್ಷಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಯಾವ ಕಂಪ್ಯೂಟರಿನ ವಿದ್ಯೆಯೂ ಬೇಡ.

ನಿರ್ದೇಶಕರಾದವರು ಇದನ್ನು ಮುಂಗಾರು ಬಿತ್ತನೆ ಮುಗಿದ ಬಿಡುವಿನಲ್ಲಿ ಸಭೆಗೆ ತನ್ನಿ. ಸದಸ್ಯರ ಕೋಷ್ಟಕವನ್ನು ಷೇರು ಪುಸ್ತಕದೊಂದಿಗೆ ತಾಳೆ ನೋಡಿ ಸರಿಪಡಿಸುವುದಕ್ಕೇ ಕೆಲವು ವಾರ ಹಿಡಿಯುತ್ತದೆ. ಹಳೆಯ ವರ್ಷದ ಹಾಳೆಯೊಂದನ್ನು ಏರಿಸಿ ಪರೀಕ್ಷೆ ಮಾಡಿ, ಎಷ್ಟು ಸಾಲು ಹಿಂದಿರುಗಿದವು ಎಂದು ಎಣಿಸಿ ನೋಡಿ. ನವೆಂಬರಿನಲ್ಲಿ ರಾಗಿ ಕೊಯ್ಲಿಗೆ ಬಂದು ಕೇಂದ್ರದ ಮುಂದೆ ಗಾಡಿಗಳು ನಿಂತ ಮೇಲೆ ಹೊಸ ಪದ್ಧತಿ ಹೇಳಿಕೊಡುವುದಕ್ಕೆ ಯಾರಿಗೂ ವೇಳೆ ಇರುವುದಿಲ್ಲ.